ಜನರ ನಡೆಯೂ ಮನೆಯ ರಚನೆಯೂ: ಬೆಂಗಳೂರಿನ ಹಳೆಯ ಬಡಾವಣೆಗಳ ಚರಿತ್ರೆಯಿಂದ

ಮನೆಯನ್ನು ಕಟ್ಟುವವನು ಶಿಲ್ಪಿಯೆಂದೂ ಊರನ್ನು ಕಟ್ಟುವವನು ಅರಸನೆಂದೂ ಲೋಕದಲ್ಲಿ ರೂಢಿಯಾಗಿರುವ ಮಾತು. ಕೆಂಪೇಗೌಡನು ಬೆಂಗಳೂರನ್ನು ಕಟ್ಟಿದನು, ಇಂಥ ದಿವಾನರ ಆಡಳಿತದಲ್ಲಿ ಇಂಥ ಬಡಾವಣೆಯು ಆಯಿತು ಎಂದು ಚರಿತ್ರೆಯ ಗ್ರಂಥಗಳು ಹೇಳುವುದು ಈ ರೂಢಿಯನ್ನು ಅನುಸರಿಸಿಯೇ. ಅದು ಸುಳ್ಳಲ್ಲ, ಆದರೆ ಪೂರ್ಣವಾದ ಸತ್ಯವೂ ಅಲ್ಲ. ನಕ್ಷೆಯನ್ನು ಬರೆದವನ ಕೆಲಸ ಕೆಲವು ದಿನಗಳಲ್ಲಿ ಮುಗಿಯುತ್ತದೆ. ಆ ನಕ್ಷೆಯ ಮೇಲೆ ನಡೆದು, ಕುಳಿತು, ಅಟ್ಟು ಉಂಡು, ನೀರು ಹೊತ್ತು, ಮಕ್ಕಳನ್ನು ಬೆಳೆಯಿಸಿದ ಜನರ ಕೆಲಸವು ತಲೆಮಾರುಗಳ ಕಾಲ ನಡೆಯುತ್ತಲೇ ಇರುತ್ತದೆ. ಬಾಗಿಲು ಎಲ್ಲಿರಬೇಕು, ಜಗಲಿ ಎಷ್ಟು ಅಗಲವಿರಬೇಕು, ಬೀದಿಯು ಎತ್ತ ತಿರುಗಬೇಕು ಎಂಬುದನ್ನು ಕೊನೆಗೆ ನಿರ್ಣಯಿಸುವವು ನೆಲ, ಗಾಳಿ, ನೀರು ಮತ್ತು ಜನರ ನಡವಳಿಕೆಗಳೇ. ಈ ಮಾತಿಗೆ ಬೆಂಗಳೂರಿನ ಹಳೆಯ ಬಡಾವಣೆಗಳಾದ ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರಗಳಿಗಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಈ ಬಡಾವಣೆಗಳನ್ನು ತಿಳಿಯಬೇಕಾದರೆ ಮೊದಲು ಅವು ಯಾವುದರಿಂದ ಬೇರೆಯಾಗಿ ಬಂದುವೋ ಆ ಹಳೆಯ ಪೇಟೆಯನ್ನು ನೋಡಬೇಕು. ಸಮುದ್ರಮಟ್ಟಕ್ಕೆ ಸುಮಾರು 3,000 ಅಡಿ ಎತ್ತರದಲ್ಲಿ, ನದಿಯಿಲ್ಲದ ದಿಣ್ಣೆಯ ಮೇಲೆ, ಕೆರೆಗಳನ್ನೇ ನಂಬಿ ಹುಟ್ಟಿದ ಊರು ಬೆಂಗಳೂರು. 1537ರಲ್ಲಿ ಕೆಂಪೇಗೌಡನು ಇಲ್ಲಿ ಮಣ್ಣಿನ ಕೋಟೆಯನ್ನು ಹಾಕಿಸಿ ಪೇಟೆಯನ್ನು ಕಟ್ಟಿಸಿದನೆಂಬುದು ಪರಂಪರೆಯಿಂದ ಬಂದ ಲೆಕ್ಕ. ದೊಡ್ಡಪೇಟೆ ಮತ್ತು ಚಿಕ್ಕಪೇಟೆಗಳೆಂಬ ಎರಡು ಬೀದಿಗಳು ಒಂದನ್ನೊಂದು ಅಡ್ಡ ಹಾಯ್ದು ಊರಿಗೆ ಬೆನ್ನೆಲುಬಾದುವು. ಅವುಗಳ ಅಕ್ಕಪಕ್ಕದಲ್ಲಿ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತಿಗಳರಪೇಟೆ, ನಗರ್ತಪೇಟೆಗಳು ಬೆಳೆದುವು. ಹೆಸರುಗಳೇ ಸಾರುವಂತೆ ಇವು ಕೆಲಸದಿಂದ ಹುಟ್ಟಿದ ಕೇರಿಗಳು. ಧಾನ್ಯದ ಗಾಡಿ ಬರುವ ಬೀದಿ ಗಾಡಿ ತಿರುಗುವಷ್ಟು ಅಗಲ. ಬಳೆ ಮಾರುವ ಬೀದಿ ಹೆಂಗಸರು ನಿಂತು ಚೌಕಾಸಿ ಮಾಡುವಷ್ಟು ಸಾಕು. ದಂಡೆತ್ತಿ ಬರುವವರ ಭಯವಿದ್ದ ಕಾಲವಾದುದರಿಂದ ಎಲ್ಲರೂ ಗೋಡೆಯೊಳಗೇ ಇರಬೇಕಾಗಿತ್ತು. ಆದುದರಿಂದಲೇ ಮನೆಗೆ ಮನೆ ತಾಗಿ, ಗೋಡೆಗೆ ಗೋಡೆ ಒರಗಿ ನಿಂತಿತು.

ಆ ಪೇಟೆಯ ಮನೆಯ ರಚನೆಯನ್ನು ಒಂದೊಂದು ಅಂಗವಾಗಿ ವಿಚಾರಿಸಿದರೆ, ಅದರಲ್ಲಿ ಅಲಂಕಾರಕ್ಕೆಂದು ಇದ್ದುದು ಅತ್ಯಲ್ಪವೆಂದು ತಿಳಿಯುತ್ತದೆ. ಬೀದಿಗೆ ಮುಖವಾಗಿದ್ದ ಜಗಲಿಯು ಹಗಲಲ್ಲಿ ಅಂಗಡಿ, ಸಂಜೆಯಲ್ಲಿ ಹಿರಿಯರ ಮಾತುಕತೆಯ ಸ್ಥಾನ, ರಾತ್ರಿಯಲ್ಲಿ ದಾರಿಹೋಕನಿಗೆ ಮಲಗುವ ನೆಲೆ. ಒಳಗಣ ಪಡಸಾಲೆಯು ನೆಂಟರಿಗೂ ಲೆಕ್ಕಪತ್ರಕ್ಕೂ ಸಲ್ಲುವುದು. ಲಿಂಗವಂತರ ಮನೆಗಳಲ್ಲಿ ಜಂಗಮಮೂರ್ತಿಗಳು ದಯಮಾಡಿಸಿದಾಗ ಪಾದಕ್ಕೆ ನೀರು ಕೊಟ್ಟು ಗದ್ದುಗೆ ಹಾಕುತ್ತಿದ್ದುದೂ ಅಲ್ಲಿಯೇ. ಎಡಬಲಗಳಲ್ಲಿ ಪರರ ಗೋಡೆಗಳಿದ್ದುದರಿಂದ ಕಿಟಕಿಗೆ ಅವಕಾಶವಿರಲಿಲ್ಲ. ಬೆಳಕೂ ಗಾಳಿಯೂ ಮೇಲಿನಿಂದಲೇ ಬರಬೇಕಾಯಿತು. ಆ ಕಾರಣದಿಂದ ನಡುವೆ ಆಕಾಶಕ್ಕೆ ತೆರೆದ ತೊಟ್ಟಿ. ಮಳೆಯ ನೀರು ಅಲ್ಲಿ ಬೀಳುವುದು, ಹಪ್ಪಳ ಸಂಡಿಗೆಗಳು ಅಲ್ಲಿ ಒಣಗುವುವು, ಮಕ್ಕಳು ಅಲ್ಲಿ ಆಡುವರು, ಮದುವೆಯ ಚಪ್ಪರವೂ ಅಲ್ಲಿಯೇ. ಹಿಂದೆ ಅಡಿಗೆಯ ಮನೆ, ಬಚ್ಚಲು, ಹಿತ್ತಿಲು. ದುಡಿಮೆ, ದಾಸೋಹ, ಸಂಸಾರ ಮೂರೂ ಒಂದೇ ಸೂರಿನ ಕೆಳಗೆ ಇದ್ದ ಬಾಳುವೆಯು ತನಗೆ ತಾನೇ ಅಳತೆ ತೆಗೆದುಕೊಂಡು ಹೊಲಿದುಕೊಂಡ ಅಂಗಿಯಂತೆ ಆ ಮನೆಯಿತ್ತು.

ಕಾಲವು ಬದಲಾಯಿಸಿತು. 1809ರಲ್ಲಿ ಊರಿನ ಮೂಡಣ ದಿಕ್ಕಿನಲ್ಲಿ ಆಂಗ್ಲರ ದಂಡು ಬಂದು ನೆಲೆಸಿತು, 1831ರಲ್ಲಿ ಮೈಸೂರು ಸೀಮೆಯ ಆಡಳಿತವು ಕಮಿಷನರುಗಳ ಕೈಗೆ ಹೋಗಿ, ಕಚೇರಿಗಳು ಬೆಂಗಳೂರಿಗೆ ಬಂದುವು, ರೈಲು ಬಂದಿತು. ರಾಜ್ಯವು 1881ರಲ್ಲಿ ಮತ್ತೆ ಒಡೆಯರ ಮನೆತನಕ್ಕೆ ಬಂದ ಬಳಿಕವೂ ಆಡಳಿತದ ಕಚೇರಿಗಳು ಬೆಂಗಳೂರಿನಲ್ಲಿಯೇ ಉಳಿದುವು. ಗುಮಾಸ್ತರು, ವಕೀಲರು, ಉಪಾಧ್ಯಾಯರು, ವಿದ್ಯಾರ್ಥಿಗಳು ಊರೂರಿನಿಂದ ಬಂದು ಸೇರಿದರು. ಮುತ್ತಿಗೆಯ ಭಯವು ಮಾಯವಾಗಿದ್ದರೂ ಜನರು ಮಾತ್ರ ಆ ಹಳೆಯ ಗೋಡೆಯ ಒಳಗೇ ಇಕ್ಕಟ್ಟಿನಲ್ಲಿ ಸೇರಿಕೊಂಡಿದ್ದರು. ತೊಟ್ಟಿಗಳ ಮೇಲೆ ಸೂರು ಬಂದಿತು, ಹಿತ್ತಿಲುಗಳಲ್ಲಿ ಕೋಣೆಗಳೆದ್ದುವು, ಬಾವಿಯ ಪಕ್ಕದಲ್ಲಿಯೇ ಬಚ್ಚಲ ಗುಂಡಿಗಳಾದುವು. ಯಾವ ರಚನೆಯು ಒಂದು ಕುಟುಂಬಕ್ಕೆ ಸುಖಕರವಾಗಿದ್ದಿತೋ ಅದೇ ರಚನೆಯು ನಾಲ್ಕು ಕುಟುಂಬಗಳಿಗೆ ಸೆರೆಯಾಯಿತು. ಮನೆಯು ಬದಲಾಗಲಿಲ್ಲ, ಅದರೊಳಗಣ ನಡೆಯು ಬದಲಾಯಿತು, ಅಷ್ಟರಿಂದಲೇ ಒಳ್ಳೆಯ ಮನೆ ಕೆಟ್ಟ ಮನೆಯಾಯಿತು.

ಈ ಇಕ್ಕಟ್ಟಿಗೆ ಪರಿಹಾರವಾಗಿ ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲದಲ್ಲಿ, 1892ರಲ್ಲಿ, ಕೋಟೆಯ ಪಶ್ಚಿಮ ಪಾರ್ಶ್ವದಲ್ಲಿ ಹೊಸದೊಂದು ಬಡಾವಣೆಯನ್ನು ರಚಿಸಲಾಯಿತು. ಆಗ ಆಳುತ್ತಿದ್ದ ಚಾಮರಾಜೇಂದ್ರ ಒಡೆಯರ ಹೆಸರಿನಿಂದ ಅದು ಚಾಮರಾಜಪೇಟೆಯಾಯಿತು. ಒಂದಕ್ಕೊಂದು ಸಮಾನಾಂತರವಾಗಿ ಸಾಗುವ ಐದು ಮುಖ್ಯರಸ್ತೆಗಳು, ಅವನ್ನು ಕತ್ತರಿಸುವ ಅಡ್ಡರಸ್ತೆಗಳು, ನಡುವೆ ಅಳತೆಯ ನಿವೇಶನಗಳು, ಮನೆಗಳ ಬೆನ್ನಿಗೆ ಕಿರುವೋಣಿಗಳು. ಇದೇ ಆ ನಕ್ಷೆಯ ಸಾರ. ಹೆಸರಿನಲ್ಲಿ 'ಪೇಟೆ' ಎಂದಿದ್ದರೂ ಇದು ಹಳೆಯ ಪೇಟೆಯಂತೆ ಕೆಲಸದಿಂದ ಹುಟ್ಟಿದ ಕೇರಿಯಲ್ಲ. ವಾಸಕ್ಕೆಂದೇ ಗೀಟು ಎಳೆದು ಮಾಡಿದ ಊರು. ಇಲ್ಲಿ ಮೊದಲ ಸಾರಿ ಕಾಯಕವು ಒಂದು ಕಡೆ, ಮನೆಯು ಇನ್ನೊಂದು ಕಡೆ ಆಯಿತು. ಬೆಳಗ್ಗೆ ಕಚೇರಿಗೆ ಹೋಗಿ ಸಂಜೆ ಹಿಂದಿರುಗುವ ಜನಕ್ಕೆ ಬೀದಿಗೆ ತೆರೆದ ಅಂಗಡಿಯ ಜಗಲಿಯಿಂದ ಪ್ರಯೋಜನವೇನು? ಆದುದರಿಂದಲೇ ಹೊಸ ಮನೆಯು ಬೀದಿಯಿಂದ ಹತ್ತು ಹೆಜ್ಜೆ ಹಿಂದೆ ಸರಿಯಿತು. ನಡುವೆ ಹೂವಿನ ಗಿಡ, ತುಳಸಿ, ತೆಂಗು ಬಂದುವು. ಮುಂದೆ ಕಾಂಪೌಂಡಿನ ಗೋಡೆಯೂ ಗೇಟೂ ಬಂದುವು.

ಚಾಮರಾಜಪೇಟೆಯಾಗಿ ಆರು ವರ್ಷಗಳಿಗೆ ಮಹಾಮಾರಿಯು ಬಂದಿತು. 1896ರಲ್ಲಿ ಮುಂಬಯಿಯನ್ನು ಹೊಕ್ಕ ಪ್ಲೇಗು 1898ರ ಆಗಸ್ಟಿನಲ್ಲಿ ರೈಲುಮಾರ್ಗವಾಗಿ ಬೆಂಗಳೂರನ್ನು ಸೇರಿತು. ಇಕ್ಕಟ್ಟಾದ ಪೇಟೆಯಲ್ಲಿ ಅದು ಮನೆಯಿಂದ ಮನೆಗೆ ಹಬ್ಬಿತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನರು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಪ್ಲೇಗಿನ ಮಾರಮ್ಮನ ಗುಡಿಗಳು ಎದ್ದುವು. ಆ ಹೆಸರಿನ ಗುಡಿಗಳು ಈಗಲೂ ಬೆಂಗಳೂರಿನಲ್ಲಿ ಪೂಜೆಗೊಳ್ಳುತ್ತಿವೆ. ಸರ್ಕಾರದವರು ಮನೆಗಳನ್ನು ತೆರವುಮಾಡಿಸುವುದು, ರೋಗಿಗಳನ್ನು ಬೇರೆ ಇರಿಸುವುದು, ಸೂರನ್ನು ಕೀಳಿಸಿ ಬಿಸಿಲು ಬಿಡಿಸುವುದು ಮೊದಲಾದ ಕ್ರಮಗಳನ್ನು ಕೈಕೊಂಡರು. ಇಂಥ ಕ್ರಮಗಳನ್ನು ಜನರ ಮನಸ್ಸನ್ನು ಅರಿಯದೆ ನಡೆಯಿಸಿದರೆ ಏನಾಗುವುದೆಂಬುದಕ್ಕೆ 1897ರ ಪುಣೆಯ ವೃತ್ತಾಂತವೇ ಸಾಕ್ಷಿ. ಅಲ್ಲಿ ಸಿಪಾಯಿಗಳು ಒಳಮನೆಗಳನ್ನು ಹೊಕ್ಕು ಶೋಧಿಸಿದುದರಿಂದ ಕೆರಳಿದ ಚಾಪೇಕರ ಸೋದರರು ಪ್ಲೇಗಿನ ಅಧಿಕಾರಿ ರ‍್ಯಾಂಡನನ್ನು ಗುಂಡಿಟ್ಟು ಕೊಂದರು. ಒಳಮನೆ ಎಂಬುದು ಬರಿಯ ನಾಲ್ಕು ಗೋಡೆಗಳಲ್ಲ, ಒಂದು ಮರ್ಯಾದೆ ಎಂಬುದನ್ನು ಅಂದಿನ ಆರೋಗ್ಯಾಧಿಕಾರಿಗಳು ಬಹಳ ಬೆಲೆ ಕೊಟ್ಟು ಕಲಿತರು.

ಊರಿನ ದಕ್ಷಿಣಕ್ಕೆ ಬಸವನಗುಡಿಯೂ ವಾಯವ್ಯಕ್ಕೆ ಮಲ್ಲೇಶ್ವರವೂ ಬಡಾವಣೆಗಳಾಗಿ ರೂಪುಗೊಂಡುದು ಈ ಸಂಕಟದ ಕಾಲದಲ್ಲಿ, 1898ರ ವೇಳೆಗೆ. ರೋಗವು ಕೆಟ್ಟ ಗಾಳಿಯಿಂದಲೂ ಕೊಳೆಯಿಂದಲೂ ಕತ್ತಲೆಯಿಂದಲೂ ಹುಟ್ಟುವುದೆಂಬುದು ಆಗಿನ ಬಹುಜನದ ನಂಬಿಕೆ. ಪ್ಲೇಗಿನ ಕ್ರಿಮಿಯನ್ನು 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಯೆರ್ಸಿನ್ ಎಂಬ ವಿಜ್ಞಾನಿಯು ಗುರುತಿಸಿದ್ದನು. ಇಲಿಯ ಮೈಮೇಲಿನ ಚಿಗಟವೇ ಅದರ ವಾಹನವೆಂದು ಸಿಮೊಂಡ್ ಎಂಬುವನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು. ಆದರೆ ಆ ಮಾತನ್ನು ಲೋಕವು ಒಪ್ಪಲು ಇನ್ನೂ ಕೆಲವು ವರ್ಷಗಳು ಬೇಕಾದುವು. ಆದುದರಿಂದ ನಕ್ಷೆ ಬರೆದವರ ಲಕ್ಷ್ಯವೆಲ್ಲ ಗಾಳಿಯ ಮೇಲೆಯೇ ಇದ್ದಿತು. ರಸ್ತೆ ಅಗಲವಾಗಿರಲಿ, ಮನೆಗೂ ಮನೆಗೂ ನಡುವೆ ಬಯಲಿರಲಿ, ಕಿಟಕಿಗಳು ಎದುರುಬದುರಾಗಿರಲಿ, ಉದ್ಯಾನಕ್ಕೆ ನೆಲ ಬಿಟ್ಟಿರಲಿ ಎಂಬುದು ಅವರ ಸೂತ್ರ. ಕಾರಣವನ್ನು ತಪ್ಪಾಗಿ ತಿಳಿದರೂ ಅವರು ಹಿಡಿದ ದಾರಿ ಮಾತ್ರ ಹಿತವಾದುದೇ ಆಯಿತು. ಧಾನ್ಯದ ಮಳಿಗೆಯೂ ಮಲಗುವ ಮನೆಯೂ ಬೇರೆಯಾದಾಗ, ಮಣ್ಣಿನ ಗೋಡೆ ಹೋಗಿ ಕಲ್ಲುಗಾರೆಯ ಗೋಡೆ ಬಂದಾಗ, ಇಲಿಗೆ ನೆಲೆಯು ತಪ್ಪಿತು. ಇದೇ 1898ರಲ್ಲಿ ಇಂಗ್ಲೆಂಡಿನಲ್ಲಿ ಎಬೆನೆಜರ್ ಹೊವರ್ಡ್ ಎಂಬಾತನು ಉದ್ಯಾನನಗರಗಳನ್ನು ಕುರಿತು ತನ್ನ ಪುಸ್ತಕವನ್ನು ಪ್ರಕಟಿಸಿದನೆಂಬುದು ಗಮನಾರ್ಹ. ಕಿಕ್ಕಿರಿದ ಊರಿನ ಉಸಿರುಗಟ್ಟುವಿಕೆಯು ಎರಡು ಖಂಡಗಳಲ್ಲಿ ಏಕಕಾಲಕ್ಕೆ ಒಂದೇ ಬಗೆಯ ಹಂಬಲವನ್ನು ಹುಟ್ಟಿಸಿದ್ದಿತು.

ನಕ್ಷೆಯ ಕಾಗದವು ಬಿಳಿದಾಗಿದ್ದರೂ ನೆಲವು ಬರಿದಾಗಿರಲಿಲ್ಲ. ಸುಂಕೇನಹಳ್ಳಿಯ ದಿಣ್ಣೆಯ ಮೇಲೆ ಸುಮಾರು 15 ಅಡಿ ಎತ್ತರದ ಏಕಶಿಲೆಯ ದೊಡ್ಡ ಬಸವನು ಶತಮಾನಗಳಿಂದ ಕುಳಿತಿದ್ದನು. ಬಡಾವಣೆಗೆ ಬೇರೆ ಹೆಸರು ಬೇಕಾಗಲೇ ಇಲ್ಲ. ಇತ್ತ ಮಲ್ಲೇಶ್ವರದಲ್ಲಿ ಕಾಡುಮಲ್ಲೇಶ್ವರನ ಗುಡಿಯಿದ್ದಿತು; ಶಿವಾಜಿಯ ತಮ್ಮನಾದ ಏಕೋಜಿಯು ಆ ದೇವರಿಗೆ ಮೇದರನಿಂಗನಹಳ್ಳಿಯನ್ನು ದತ್ತಿಬಿಟ್ಟ ಸಂಗತಿಯನ್ನು 1669ರ ಶಾಸನವು ಹೇಳುತ್ತದೆ. ಈ ಎರಡು ಗುಡಿಗಳಿಗೆ ಜನರು ಸವೆಸಿದ ಕಾಲುದಾರಿಗಳು ಇಂಜಿನಿಯರುಗಳ ಗೀಟುಗಳಿಗಿಂತ ಹಳೆಯವು. ಇದಕ್ಕೆ ಪ್ರತ್ಯಕ್ಷ ಪ್ರಮಾಣವೆಂದರೆ ಕಾರ್ತಿಕದ ಕಡೆಯ ಸೋಮವಾರದ ಕಡಲೇಕಾಯಿ ಪರಿಷೆ. ಸುತ್ತಣ ಹಳ್ಳಿಗಳ ಒಕ್ಕಲಿಗರು ಹೊಸ ಬೆಳೆಯ ಮೊದಲ ಪಾಲನ್ನು ಬಸವನಿಗೆ ಒಪ್ಪಿಸುವ ಹರಕೆಯಿಂದ ಹುಟ್ಟಿದ ಆ ಪರಿಷೆಯು ಹೊಲಗಳು ಹೋಗಿ ಬೀದಿಗಳು ಬಂದ ಮೇಲೂ ನಿಲ್ಲಲಿಲ್ಲ. ವಾಹನಗಳಿಗೆಂದು ಮಾಡಿದ ರಸ್ತೆಯು ಆ ದಿನ ಕಡಲೇಕಾಯಿಯ ರಾಶಿಗಳಿಗೆ ಎಡಬಲಗಳನ್ನು ಬಿಟ್ಟುಕೊಡುತ್ತದೆ. ವಾಹನಗಳೇ ಬಳಸಿಕೊಂಡು ಹೋಗಬೇಕಾಗುತ್ತದೆ. ಹೊಲದ ಬದುವಿನ ಮೇಲೆ ಹುಟ್ಟಿದ ನಡೆಯೊಂದು ನಗರದ ರಾಜಮಾರ್ಗವನ್ನು ವರ್ಷಕ್ಕೊಮ್ಮೆ ತನ್ನ ಅಳತೆಗೆ ಬಗ್ಗಿಸಿಕೊಳ್ಳುವ ಈ ಸಂಗತಿಯನ್ನು ಯಾವ ನಕ್ಷೆಯೂ ಮುಂಗಂಡಿರಲಿಲ್ಲ.

ಬೀದಿಗಳಂತೆಯೇ ಮನೆಗಳೂ ಹಳತು ಹೊಸತುಗಳ ನಡುವಣ ಒಪ್ಪಂದದಿಂದ ರೂಪುಗೊಂಡುವು. ದಂಡಿನ ಬಂಗಲೆಗಳನ್ನು ನೋಡಿದ್ದ ಗೃಹಸ್ಥರು ವರಾಂಡವನ್ನೂ ಇಳಿಜಾರು ಮಾಡನ್ನೂ ಅವುಗಳಿಂದ ತಂದರು. ಆದರೆ ಬಂಗಲೆಯಂತೆ ಎಲ್ಲ ಕೋಣೆಗಳನ್ನೂ ಎಲ್ಲರಿಗೂ ತೆರೆಯಲು ಅವರ ಆಚಾರವು ಒಪ್ಪಲಿಲ್ಲ. ಮುಂದೆ ವರಾಂಡ, ಅದರ ಹಿಂದೆ ಹಳೆಯ ಪಡಸಾಲೆಗೆ ಸಮನಾದ ಹಜಾರ, ಒಳಗೆ ನಡುಮನೆ, ಕೊನೆಯಲ್ಲಿ ಅಡಿಗೆಯ ಮನೆ. ಹೊರಗಿನವನು ಎಲ್ಲಿಯವರೆಗೆ ಬರಬಹುದೆಂಬ ಮೇರೆಗಳು ಹೆಸರು ಬದಲಾಯಿಸಿದರೂ ಸ್ಥಾನ ಬದಲಾಯಿಸಲಿಲ್ಲ. ವರಾಂಡದ ಮೇಲುಭಾಗಕ್ಕೂ ಕಿಟಕಿಗಳ ನೆತ್ತಿಗೂ ಮರದ ಸೀಳುಪಟ್ಟಿಗಳನ್ನು ಜೋಡಿಸಿ ಮುಕುಟದಂತೆ ಚೂಪಾಗಿ ಮಾಡಿದ ಹೊದಿಕೆಗೆ ಬೆಂಗಳೂರಿನವರು 'ಮಂಕಿಟಾಪ್' ಎಂದು ಕರೆದರು. ಬಿಸಿಲನ್ನೂ ಇರಚಲನ್ನೂ ತಡೆದು ಗಾಳಿಯನ್ನು ಬಿಡುವುದು ಅದರ ಕೆಲಸ. ಒಳಗಿನವರಿಗೆ ಬೀದಿ ಕಾಣುವುದು, ಬೀದಿಯವರಿಗೆ ಒಳಗು ಕಾಣದು. ಇದು ಅದರ ಇನ್ನೊಂದು ಗುಣ. ಸುತ್ತಣ ಬಂಡೆಗಳಿಂದ ಚಪ್ಪಡಿಯೂ ಕಂಬವೂ, ಸುಣ್ಣದ ಗಾರೆಯಿಂದ ಗೋಡೆಯೂ ಆದುವು. 1865ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಪ್ರಸಿದ್ಧವಾದ ಹೆಂಚು ಮಾಡಿಗೆ ಬಂದಿತು. ಎರಡು ಮಳೆಗಾಲಗಳನ್ನು ಕಾಣುವ ಊರಿಗೆ ಅಂಥ ಇಳಿಜಾರು ಮಾಡು ಸರಿಯಾಗಿ ಹೊಂದಿತು.

ನೀರಿನ ಸಂಗತಿಯೂ ಹೀಗೆಯೇ. ಹಿಂದೆ ಬಾವಿಯು ಹಿತ್ತಿಲಿನಲ್ಲಿದ್ದುದರಿಂದ ಹೆಂಗಸರ ದಿನದ ಅರ್ಧವು ಹಿತ್ತಿಲಿನಲ್ಲಿಯೇ ಕಳೆಯುತ್ತಿದ್ದಿತು. ಅಡಿಗೆಯ ಮನೆಯು ಅದರ ಬಳಿಯಲ್ಲಿಯೇ ಇರಬೇಕಾಗಿದ್ದಿತು. ಅರ್ಕಾವತಿಯ ಹೆಸರಘಟ್ಟದ ಕೆರೆಯಿಂದ 1896ರ ವೇಳೆಗೆ ಕೊಳವೆಯ ನೀರು ಊರಿಗೆ ಬಂದಿತು. ಬೀದಿಯ ನಲ್ಲಿಯ ಸುತ್ತ ಹೊಸದೊಂದು ಕೂಟವು ಹುಟ್ಟಿತು. ಬಾವಿಯ ಕಟ್ಟೆಯ ಮಾತುಗಳು ಬೀದಿಯ ಮೂಲೆಗೆ ಬಂದುವು. ಮುಂದೆ ನಲ್ಲಿಯು ಮನೆಯೊಳಕ್ಕೆ ಬಂದಾಗ ಅಡಿಗೆಯ ಮನೆಗೆ ಬಾವಿಯ ಹಂಗು ತಪ್ಪಿತು. 1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದುವು. ಹೊತ್ತು ಮುಳುಗಿದೊಡನೆ ಮುಚ್ಚುತ್ತಿದ್ದ ಬಾಗಿಲುಗಳು ತೆರೆದೇ ಉಳಿದುವು. ಸಂಜೆಯ ವಾಯುಸಂಚಾರ, ವಾಚನಾಲಯ, ಸಭೆ, ಹರಿಕಥೆಗಳು ಬೀದಿಯ ಬಾಳುವೆಗೆ ಸೇರಿದುವು. 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಚಾಮರಾಜಪೇಟೆಯಲ್ಲಿ 1933ರಲ್ಲಿ ತನ್ನ ಮಂದಿರವನ್ನು ಪಡೆದುದು, ಬಸವನಗುಡಿಯಲ್ಲಿ 1917ರಲ್ಲಿ ನ್ಯಾಷನಲ್ ಹೈಸ್ಕೂಲು ಹುಟ್ಟಿದುದು ಇವೆಲ್ಲ ಇಂಥ ಬೀದಿಗಳ ಫಲ.

ಜನರ ನಡೆಯನ್ನು ಮೊದಲು ಕಂಡು ಬಳಿಕ ಕಟ್ಟಿದ ಕಟ್ಟಡಕ್ಕೆ ಒಂದು ದೃಷ್ಟಾಂತವನ್ನು ಇಲ್ಲಿ ಹೇಳುವುದು ಉಚಿತ. ಬಡಾವಣೆಗಳು ಹುಟ್ಟುತ್ತಿದ್ದ ಆ ವರ್ಷಗಳಲ್ಲಿಯೇ ಬೆಂಗಳೂರಿನ ವರ್ತಕರಾಗಿದ್ದ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು ರೈಲು ನಿಲ್ದಾಣದ ಎದುರಿನಲ್ಲಿಯೇ ಛತ್ರವನ್ನು ಕಟ್ಟಿಸಿದರು. 1903ರಲ್ಲಿ ಅದು ತೆರೆಯಲ್ಪಟ್ಟಿತು. ಹಿಂದಿನ ಕಾಲದ ದಾನಿಯು ಅರವಟ್ಟಿಗೆಯನ್ನೂ ಛತ್ರವನ್ನೂ ಎತ್ತಿನ ಗಾಡಿ ನಿಲ್ಲುವ ದಾರಿಯ ಬದಿಯಲ್ಲಿ ಮಾಡಿಸುತ್ತಿದ್ದನು. ಪ್ರಯಾಣಿಕನು ಈಗ ರೈಲಿನಿಂದ ಇಳಿಯುತ್ತಾನೆ, ಗಂಟು ಹೊತ್ತು ದೂರ ನಡೆಯಲಾರನು, ಹೊಸ ಊರಿನಲ್ಲಿ ರಾತ್ರಿ ಹೊತ್ತು ಯಾರ ಜಗಲಿಯನ್ನೂ ಅರಿಯನು ಎಂಬುದನ್ನು ತಿಳಿದು ಸ್ಥಳವನ್ನು ಆರಿಸಿದುದರಲ್ಲಿಯೇ ಅವರ ವಿವೇಕವಿದೆ. ಓದಲು ಬಂದ ಬಡ ಹುಡುಗರಿಗೆ ಬೇಕಾದುದು ಒಂದು ರಾತ್ರಿಯ ಆಶ್ರಯವಲ್ಲ, ವರ್ಷಗಳ ಊಟವಸತಿ ಎಂದು ಕಂಡು ವಿದ್ಯಾರ್ಥಿನಿಲಯವನ್ನೂ ಅವರ ಧರ್ಮದಲ್ಲಿ ಸೇರಿಸಲಾಯಿತು. ಪೇಟೆಯ ಜಗಲಿಗಳು ಮಾಡುತ್ತಿದ್ದ ಕೆಲಸವನ್ನು ಜಗಲಿಗಳು ಮಾಯವಾದ ಕಾಲದಲ್ಲಿ ಒಂದು ದೊಡ್ಡ ಕಟ್ಟಡವು ವಹಿಸಿಕೊಂಡಿತೆಂದು ಹೇಳಬಹುದು.

ಬಡಾವಣೆಗಳಲ್ಲಿ ಜನರೇ ತಮ್ಮ ಅವಶ್ಯಕತೆಯಿಂದ ಸೃಷ್ಟಿಸಿದ ಇನ್ನೊಂದು ರಚನೆ ವಠಾರ. ನಕ್ಷೆಯು ಒಂದು ನಿವೇಶನಕ್ಕೆ ಒಂದು ಮನೆಯನ್ನು ಊಹಿಸಿದ್ದಿತು. ಆದರೆ ಸಣ್ಣ ಸಂಬಳದ ಗುಮಾಸ್ತನಿಗೆ ನಿವೇಶನವನ್ನು ಕೊಳ್ಳುವ ಶಕ್ತಿಯಿರಲಿಲ್ಲ. ಸಾಲ ಮಾಡಿ ಮನೆ ಕಟ್ಟಿದ ಯಜಮಾನನಿಗೆ ಬಾಡಿಗೆಯ ಆಸೆಯಿದ್ದಿತು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಅನುಭವವು ಅವನಿಗೆ ಆಗಿದ್ದಿತು. ಇಬ್ಬರ ಅಗತ್ಯವೂ ಕೂಡಿ, ಹಿತ್ತಿಲಿನ ಉದ್ದಕ್ಕೂ ಎರಡೆರಡು ಕೋಣೆಗಳ ಮನೆಗಳು ಸಾಲಾಗಿ ಎದ್ದುವು. ನಡುವೆ ಕಿರಿದಾದ ಅಂಗಳ, ಎಲ್ಲರಿಗೂ ಒಂದೇ ನಲ್ಲಿ, ಒಂದೇ ಒಗೆಯುವ ಕಲ್ಲು. ಆರೋಗ್ಯಶಾಸ್ತ್ರದ ದೃಷ್ಟಿಯಿಂದ ಅದು ಕೊರತೆಯ ರಚನೆಯೇ ಸರಿ. ಗಾಳಿಗೆಂದು ಬಿಟ್ಟಿದ್ದ ಬಯಲು ಅದರಿಂದ ಮುಚ್ಚಿಹೋಯಿತು. ಆದರೂ ಹಳೆಯ ತೊಟ್ಟಿಯು ಬೇರೊಂದು ರೂಪದಿಂದ ಅಲ್ಲಿ ಹಿಂದಿರುಗಿತೆಂಬುದನ್ನು ಮರೆಯಬಾರದು. ಒಬ್ಬರ ಮನೆಯ ಬಾಣಂತಿಗೆ ಇನ್ನೊಬ್ಬರು ಸಾರು ಕಾಸುವರು. ಒಂದು ಮನೆಯ ಜಗಳವನ್ನು ಹತ್ತು ಮನೆಯವರು ಬಿಡಿಸುವರು. ದೊಡ್ಡ ಕುಟುಂಬವನ್ನು ಊರಿನಲ್ಲಿ ಬಿಟ್ಟುಬಂದವರು ವಠಾರದಲ್ಲಿ ಇನ್ನೊಂದನ್ನು ಕಟ್ಟಿಕೊಂಡರು.

ಇಲ್ಲಿಯವರೆಗೆ ಹೇಳಿದುದೆಲ್ಲ ಜನರ ನಡೆಯು ಕಟ್ಟಡಕ್ಕೆ ಮಾಡಿದ ಉಪಕಾರ. ಆದರೆ ನಡೆಯೆಲ್ಲವೂ ಒಳ್ಳೆಯ ನಡೆಯಲ್ಲ. ಕೆಟ್ಟ ನಡೆಯೂ ಅಷ್ಟೇ ನಿಷ್ಠೆಯಿಂದ ಕಲ್ಲಿನಲ್ಲಿ ಅಚ್ಚಾಗುತ್ತದೆ. ಈ ಬಡಾವಣೆಗಳ ಮನೆಗಳ ಬೆನ್ನಿಗೆ ಹಾಯುವ ಕಿರುವೋಣಿಗಳನ್ನು ಗಮನಿಸಬೇಕು. 'ಕನ್ಸರ್ವೆನ್ಸಿ' ಎಂಬ ಗೌರವದ ಹೆಸರಿನ ಆ ಓಣಿಗಳು ಏತಕ್ಕಾಗಿ ಆದುವು? ಮನೆಯ ಪಾಯಿಖಾನೆಯು ನಿವೇಶನದ ಹಿಂದಣ ಮೂಲೆಯಲ್ಲಿರುತ್ತಿದ್ದಿತು. ಮಲವನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಒಯ್ಯುವ ಮನುಷ್ಯನು ಮುಂಬಾಗಿಲಿನ ಬೀದಿಯಲ್ಲಿ ಕಾಣಿಸಿಕೊಳ್ಳಬಾರದು, ಅವನ ನೆರಳು ಅಂಗಳಕ್ಕೆ ಬೀಳಬಾರದು. ಆದುದರಿಂದ ಅವನಿಗೊಂದು ಬೇರೆ ದಾರಿ. ಆರೋಗ್ಯದ ಕಾರಣವೂ ಇದ್ದಿತು, ನಿಜ. ಆದರೆ ಅಸ್ಪೃಶ್ಯತೆಯೆಂಬ ಆಚಾರವಿಲ್ಲದ ಊರಿನಲ್ಲಿ ಆ ಓಣಿಯು ಆ ರೂಪದಲ್ಲಿ ಹುಟ್ಟುತ್ತಿರಲಿಲ್ಲ. ಪೇಟೆಯ ಕೇರಿಗಳಲ್ಲಿದ್ದ ಜಾತಿಮತಗಳ ವಿಂಗಡಣೆಯು ಹೊಸ ನಿವೇಶನಗಳ ಹಂಚಿಕೆಗೂ ಬೆನ್ನಟ್ಟಿ ಬಂದಿತು. ಗಾಳಿಗೆ ಬೆಳಕಿಗೆ ಎಷ್ಟು ಅಗಲವಾಗಿ ತೆರೆದುಕೊಂಡ ನಕ್ಷೆಯೂ ಈ ಒಂದು ವಿಷಯದಲ್ಲಿ ಹಳೆಯ ಗೋಡೆಯನ್ನು ದಾಟಲಾರದೆ ಹೋಯಿತು.

ಕಾಯಕದಲ್ಲಿ ಮೇಲುಕೀಳುಗಳಿಲ್ಲವೆಂದು 12ನೆಯ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಸಾರಿದ ಶರಣರ ನಾಡಿನಲ್ಲಿ, ಬಸವಣ್ಣನವರನ್ನು ನೆನೆಯುವ ಜನರ ಮನೆಗಳ ಹಿಂದೆಯೂ ಇಂಥ ಓಣಿಗಳು ಇದ್ದುವೆಂಬುದು ತಲೆತಗ್ಗಿಸಬೇಕಾದ ಸಂಗತಿ. ಉಪದೇಶವನ್ನು ಕೇಳಿ ತಲೆದೂಗಿದ ಮನಸ್ಸು ಮನೆಯ ಹಿಂಬಾಗಿಲನ್ನು ಮಾತ್ರ ಹಾಗೆಯೇ ಇಟ್ಟುಕೊಂಡಿತು. ಇದು ಯಾವ ಒಬ್ಬ ಇಂಜಿನಿಯರನ ತಪ್ಪೂ ಅಲ್ಲ. ಊರಿನವರೆಲ್ಲರ ನಡೆಯನ್ನು ಅವನು ಗೀಟಾಗಿ ಬರೆದನು, ಅಷ್ಟೆ. ಒಳಚರಂಡಿಗಳು ಬಂದು ಬುಟ್ಟಿಯ ಪಾಯಿಖಾನೆಗಳು ಹೋಗುತ್ತ ಬಂದುವು. 1970ರ ದಶಕದ ಆದಿಯಲ್ಲಿ ಬಿ. ಬಸವಲಿಂಗಪ್ಪನವರು ಪೌರಾಡಳಿತದ ಮಂತ್ರಿಗಳಾಗಿದ್ದಾಗ ಕರ್ನಾಟಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಶಾಸನಗಳು 1993ರಲ್ಲಿಯೂ 2013ರಲ್ಲಿಯೂ ಬಂದುವು. ಕೆಲಸವನ್ನು ಕಳೆದುಕೊಂಡ ಓಣಿಗಳು ಬಹುಕಾಲ ಕಸದ ತಾಣಗಳಾಗಿದ್ದುವು. ಈಚಿನ ವರ್ಷಗಳಲ್ಲಿ ಮಲ್ಲೇಶ್ವರದ ಇಂಥ ಕೆಲವು ಓಣಿಗಳನ್ನು ಶುಚಿಗೊಳಿಸಿ, ಗೋಡೆಗಳಿಗೆ ಚಿತ್ರ ಬರೆಯಿಸಿ, ಎಲ್ಲರೂ ನಡೆದಾಡುವ ಹಾದಿಗಳನ್ನಾಗಿ ಮಾಡುವ ಯತ್ನಗಳು ನಡೆದಿವೆ. ಒಬ್ಬನನ್ನು ಮರೆಮಾಡಲು ಹುಟ್ಟಿದ ದಾರಿಯು ಎಲ್ಲರ ದಾರಿಯಾಗುವುದು ಸಣ್ಣ ಸಂಗತಿಯಲ್ಲ. ಕಲ್ಲು ಅದೇ, ಅಗಲ ಅದೇ, ಬದಲಾದುದು ನಡೆ.

ನಡೆಯು ನಿಂತರೆ ಕಟ್ಟಡವೂ ಉಳಿಯುವುದಿಲ್ಲವೆಂಬುದಕ್ಕೆ ಮಲ್ಲೇಶ್ವರದ ನಂದಿತೀರ್ಥವು ಸಾಕ್ಷಿ. ಕಾಡುಮಲ್ಲೇಶ್ವರನ ಗುಡಿಯ ಎದುರಿನಲ್ಲಿಯೇ, ನಂದಿಯ ಬಾಯಿಂದ ಬೀಳುವ ನೀರು ಕೆಳಗಣ ಲಿಂಗಕ್ಕೆ ಅಭಿಷೇಕವಾಗಿ ಕಲ್ಯಾಣಿಯನ್ನು ಸೇರುವ ದೇಗುಲವೊಂದಿದ್ದಿತು. ಅದು ಮಣ್ಣಿನಲ್ಲಿ ಮುಚ್ಚಿಹೋಗಿ ಜನರ ನೆನಪಿನಿಂದಲೂ ಜಾರಿ, ಖಾಲಿ ನೆಲವೆಂದು ಎಣಿಸಲ್ಪಟ್ಟಿತು. 1997ರಲ್ಲಿ ಆ ನೆಲವನ್ನು ಮಾರಿ ಕಟ್ಟಡ ಕಟ್ಟುವ ಮಾತು ಬಂದಾಗ ನೆರೆಹೊರೆಯವರು ಅಡ್ಡಬಂದರು. ಅಗೆದಾಗ ದೇಗುಲವು ಹೊರಬಿದ್ದಿತು. ಅಂದಿನಿಂದ ಮತ್ತೆ ಭಕ್ತರು ನಡೆಯುತ್ತಿದ್ದಾರೆ, ಮತ್ತೆ ಅದು ಗುಡಿಯಾಗಿದೆ.

1945ರಲ್ಲಿ ನಗರಾಭಿವೃದ್ಧಿಯ ಟ್ರಸ್ಟ್ ಬೋರ್ಡು ಸ್ಥಾಪಿತವಾದ ಮೇಲೆ ಬೆಂಗಳೂರಿಗೆ ಬಡಾವಣೆಗಳ ಮೇಲೆ ಬಡಾವಣೆಗಳು ಸೇರಿದುವು; ಊರಂಚಿನಲ್ಲಿದ್ದ ಈ ಮೂರೂ ಈಗ ಊರ ನಡುವೆ ಇವೆ. ಹಲವು ಹಳೆಯ ಮನೆಗಳು ಉರುಳಿ ಬಹುಮಹಡಿಯ ವಸತಿಗಳು ಎದ್ದಿವೆ. ಹಿಂದೆ ಜಗಲಿಯಿದ್ದ ಮಟ್ಟದಲ್ಲಿ ಈಗ ಕಂಬಗಳ ನಡುವೆ ಮೋಟಾರುಗಳು ನಿಲ್ಲುತ್ತವೆ. 2014ರಲ್ಲಿ ಮಲ್ಲೇಶ್ವರದ ಅಂಚಿಗೂ 2017ರಲ್ಲಿ ಬಸವನಗುಡಿಯ ಕಡೆಗೂ ಮೆಟ್ರೋ ರೈಲು ಬಂದು, ಜನರು ನಡೆಯುವ ದಿಕ್ಕುಗಳನ್ನು ಇನ್ನೊಮ್ಮೆ ಬದಲಾಯಿಸುತ್ತಿದೆ. ಇದನ್ನು ಕಂಡು ಹಳೆಯದೆಲ್ಲ ಹೋಯಿತೆಂದು ಮರುಗುವುದರಿಂದ ಫಲವಿಲ್ಲ. ಪೇಟೆಯ ತೊಟ್ಟಿಯೂ ಬಡಾವಣೆಯ ವರಾಂಡವೂ ತಮ್ಮ ತಮ್ಮ ಕಾಲದ ಬಾಳುವೆಗೆ ಉತ್ತರಗಳಾಗಿದ್ದುವು. ಇಂದಿನ ಮನೆಯೂ ಇಂದಿನ ಬಾಳುವೆಗೆ ಉತ್ತರವಾಗಲಿ. ಆದರೆ ಕಟ್ಟುವವನು ಯಾವ ಬಾಳುವೆಯನ್ನು ನೋಡಿ ಕಟ್ಟಿದನು? ಮೋಟಾರಿನ ಅಳತೆಯನ್ನು ಅರಿತಂತೆ ಮುದುಕನ ಮೊಣಕಾಲಿನ ಅಳತೆಯನ್ನೂ ಅರಿತನೇ? ನೆರೆಯವರು ನಿಂತು ಎರಡು ಮಾತನಾಡುವಷ್ಟು ನೆರಳನ್ನು ಉಳಿಸಿದನೇ? ಇವು ಕೇಳಲೇಬೇಕಾದ ಪ್ರಶ್ನೆಗಳು.

1914ರಲ್ಲಿ ಭಾರತಕ್ಕೆ ಬಂದ ಪ್ಯಾಟ್ರಿಕ್ ಗೆಡ್ಡೆಸ್ ಎಂಬ ವಿದ್ವಾಂಸನು ನಮ್ಮ ದೇಶದ ಅನೇಕ ನಗರಗಳನ್ನು ಕುರಿತು ವರದಿಗಳನ್ನು ಬರೆದನು. ಊರನ್ನು ಕಡಿದು ತಿದ್ದುವುದಕ್ಕೆ ಮುಂಚೆ ಊರಿನಲ್ಲಿ ನಡೆದು ನೋಡಬೇಕು, ಜನರು ಬಾಳುವ ಬಗೆಯನ್ನು ಅರಿಯಬೇಕು, ಆ ಮೇಲೆ ಅತ್ಯಲ್ಪವಾಗಿ ಕೈಹಾಕಬೇಕು ಎ೦ಬುದು ಅವನ ಮತದ ಸಾರ. ಬೆಂಗಳೂರಿನ ಬಡಾವಣೆಗಳ ಚರಿತ್ರೆಯು ಈ ಮಾತನ್ನು ಸಮರ್ಥಿಸುವುದಲ್ಲದೆ ಅದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ. ಜನರ ನಡೆಯನ್ನು ಅರಿತರೆ ಸಾಲದು; ಅದರಲ್ಲಿ ಯಾವುದು ಸನ್ನಡೆ, ಯಾವುದು ದುರ್ನಡೆ ಎಂದು ವಿವೇಚಿಸಲೂ ಬೇಕು. ಕಡಲೇಕಾಯಿ ಪರಿಷೆಗೆ ರಸ್ತೆಯನ್ನು ಬಿಟ್ಟುಕೊಡುವುದೂ ನಡೆಗೆ ಮಣಿಯುವುದೇ. ಮಲ ಹೊರುವವನಿಗೆ ಹಿಂದಣ ಓಣಿಯನ್ನು ತೋರಿಸುವುದೂ ನಡೆಗೆ ಮಣಿಯುವುದೇ. ಮೊದಲನೆಯದರಿಂದ ಊರು ಬೆಳಗಿತು, ಎರಡನೆಯದರಿಂದ ಕಂದಿತು. ಶಾಲೆ, ಪ್ರಸಾದನಿಲಯ, ದಾಸೋಹಮಂದಿರಗಳನ್ನು ಕಟ್ಟಿಸುವ ಸಂಸ್ಥೆಗಳೂ ಸದ್ಭಕ್ತರೂ ಗೋಡೆ ಏಳುವ ಮುನ್ನ ಯಾರು ಯಾವ ಬಾಗಿಲಿನಿಂದ ಒಳಗೆ ಬರುವರೆಂಬುದನ್ನು ಯೋಚಿಸುವುದು ಒಳಿತು. ಬಡಿಸುವವನೂ ಉಣ್ಣುವವನೂ ಗುಡಿಸುವವನೂ ಒಂದೇ ಬಾಗಿಲಿನಿಂದ ಬರುವಂತೆ ರಚಿಸಿದ ಮಂದಿರವು, ಅದರ ಗೋಡೆಗೆ ಯಾವ ಬರಹವಿಲ್ಲದಿದ್ದರೂ, ಶರಣರ ಮಾತನ್ನು ಹೇಳುತ್ತಲೇ ಇರುವುದು.